ಉಪ್ಪುನೀರಿನ ಟ್ಯಾಂಕಲ್ಲಿ ಎಷ್ಟು ಮೀನು ಇಡಬಹುದು? ಬರೀ ಲೀಟರ್ ನೋಡಿದ್ರೆ ಸಾಲಲ್ಲ

ಹೊಸದಾಗಿ ಮರೀನ್ ಟ್ಯಾಂಕ್ ಇಟ್ಟೋರು ಮೊದಲು ಕೇಳೋದೇ "ನಂದು ಇಷ್ಟು ಲೀಟರ್ ಟ್ಯಾಂಕ್, ಎಷ್ಟು ಮೀನು ಬಿಡಬಹುದು" ಅಂತ. ನಾನೂ ಕೇಳಿದ್ದೆ. ಒಬ್ರು ನಾಲ್ಕು ಅಂದ್ರು, ಇನ್ನೊಬ್ರು ಹತ್ತು ಬಿಟ್ರೂ ಏನೂ ಆಗಲ್ಲ ಅಂದ್ರು, ನಾನು ಹತ್ತು ಅಂದೋರ ಮಾತು ಕೇಳ್ದೆ, ಯಾಕಂದ್ರೆ ನಂಗೆ ಬೇಕಾಗಿದ್ದ ಉತ್ತರ ಅದೇ. ಆಮೇಲೆ ಏನಾಯ್ತು ಅಂತ ಮುಂದೆ ಹೇಳ್ತೀನಿ. ಈಗ ಯಾರಾದ್ರೂ ನನ್ನ ಕೇಳಿದ್ರೆ ನಂಬರ್ ಹೇಳಲ್ಲ, ಎರಡು ಲೆಕ್ಕ ಬೇರೆಬೇರೆಯಾಗಿ ಮಾಡಿ ಅಂತೀನಿ. ಒಂದು ನೀರಿನ ಲೆಕ್ಕ, ಇನ್ನೊಂದು ಜಾಗದ ಲೆಕ್ಕ. ಎರಡರಲ್ಲಿ ಯಾವುದು ಕಮ್ಮಿ ಬರುತ್ತೋ ಅಷ್ಟೇ ಮೀನು. ಸುಮಾರು ಜನ ಮೊದಲನೇದನ್ನ ಮಾತ್ರ ಮಾಡಿ ನಿಲ್ಲಿಸ್ತಾರೆ, ಮೀನು ಸಾಯೋದು ಜಾಸ್ತಿ ಎರಡನೇದ್ರಲ್ಲಿ.

ಟ್ಯಾಂಕಲ್ಲಿ ನಿಜವಾಗ್ಲೂ ಎಷ್ಟು ನೀರಿದೆ

ಟ್ಯಾಂಕ್ ಮೇಲೆ ಅಂಟಿಸಿರೋ ಲೀಟರ್ ನಂಬಬೇಡಿ. 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಅಂತ ಇಟ್ಕೊಳ್ಳಿ, ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದ್ರೆ 182 ಲೀಟರ್ ಬರುತ್ತೆ. ಆದ್ರೆ ಅದು ಹೊರಗಿನ ಅಳತೆ, ಗಾಜಿನ ದಪ್ಪ ಕಳೀಬೇಕು, ನೀರನ್ನ ಯಾರೂ ಅಂಚಿನ ತನಕ ತುಂಬಲ್ಲ, ನಾಲ್ಕೈದು ಸೆಂ.ಮೀ. ಕೆಳಗೇ ನಿಲ್ಲಿಸ್ತೀವಿ, ತಳದಲ್ಲಿ ಮರಳು, ಅದರ ಮೇಲೆ ಹದಿನೈದು ಕೆಜಿ ಲೈವ್ ರಾಕ್ (ಬ್ಯಾಕ್ಟೀರಿಯಾ ತುಂಬಿರೋ ಸಮುದ್ರದ ಕಲ್ಲು), ಇಷ್ಟೆಲ್ಲಾ ಕಳೆದ ಮೇಲೆ ಉಳಿಯೋದು 140 ಲೀಟರ್ ಆಸುಪಾಸು. ಹೆಚ್ಚುಕಮ್ಮಿ ಕಾಲು ಭಾಗ ಹೋಯ್ತು. ಈ ಗುಣಾಕಾರ ಭಾಗಾಕಾರ ಬೇಡ ಅನ್ನೋರಿಗೆ ಇನ್ನೂ ಸುಲಭದ ದಾರಿ ಇದೆ, ರಾಕು ಮರಳು ಎಲ್ಲಾ ಜೋಡಿಸಿ ಆದ್ಮೇಲೆ ಮೊದಲ ಸಲ ನೀರು ತುಂಬುವಾಗ ಕ್ಯಾನ್ ಎಣಿಸಿ. 20 ಲೀಟರಿನ ಕ್ಯಾನಲ್ಲಿ ಏಳು ಹಿಡೀತು ಅಂದ್ರೆ 140. ಆ ನಂಬರನ್ನ ಸ್ಟ್ಯಾಂಡಿನ ಬಾಗಿಲ ಒಳಗಡೆ ಮಾರ್ಕರಲ್ಲಿ ಬರೆದಿಡಿ, ಮುಂದೆ ಪ್ರತಿಯೊಂದಕ್ಕೂ ಅದೇ ಬೇಕಾಗುತ್ತೆ.

ಕೆಳಗೆ ಸಂಪ್ (ಮೇಲಿನ ಟ್ಯಾಂಕಿಗೆ ಪೈಪಲ್ಲಿ ಜೋಡಿಸಿರೋ ಎರಡನೇ ಟ್ಯಾಂಕ್) ಇದ್ರೆ ಅದರ ನೀರನ್ನೂ ಸೇರಿಸ್ಕೊಳ್ಳಿ, ಆದ್ರೆ ನೀರಿನ ಲೆಕ್ಕಕ್ಕೆ ಮಾತ್ರ. ಸಂಪಲ್ಲಿ 60 ಲೀಟರ್ ಇದೆ ಅಂತ ಎರಡು ಮೀನು ಜಾಸ್ತಿ ತಂದ್ರೆ ಅವೇನು ಸಂಪಿಗಿಳಿದು ಮಲಗಲ್ಲ, ಮೇಲೇ ಇರ್ತವೆ, ಅದೇ ಕಲ್ಲಿನ ಸಂದಿಗೆ ಕಿತ್ತಾಡ್ತವೆ.

ಇಂಚಿನ ಲೆಕ್ಕ ಎಲ್ಲಿತನಕ ಸರಿ

ಹಳಬರು ಹೇಳೋ ಲೆಕ್ಕ ಒಂದಿದೆ, ಒಂದಿಂಚು ಮೀನಿಗೆ ಐದು ಗ್ಯಾಲನ್ ಉಪ್ಪುನೀರು. ಅಮೆರಿಕದ ಗ್ಯಾಲನ್ ಅಂದ್ರೆ 3.8 ಲೀಟರ್ ಹತ್ರ, ಹಾಗಾಗಿ ಇಂಚಿಗೆ 19 ಲೀಟರ್, ಸೆಂಟಿಮೀಟರಿಗೆ ಏಳೂವರೆ ಲೀಟರ್. ಸಿಹಿನೀರಿನ ಟ್ಯಾಂಕಿಗೆ ಇದೇ ಲೆಕ್ಕ ಇಂಚಿಗೆ ಒಂದೇ ಗ್ಯಾಲನ್. ಸಿಹಿನೀರಲ್ಲಿ ಹತ್ತು ವರ್ಷ ಮೀನು ಸಾಕಿ ಮರೀನ್‌ಗೆ ಬಂದೋರು ಎಡವೋದು ಇಲ್ಲೇ, ಕಣ್ಣಿಗೆ ಟ್ಯಾಂಕ್ ಖಾಲಿಖಾಲಿ ಕಾಣುತ್ತೆ, ಕೈ ತಡೆಯಲ್ಲ.

ಯಾಕೆ ಇಷ್ಟು ಬಿಗಿ ಅಂದ್ರೆ, ಉಪ್ಪುನೀರಲ್ಲಿ ಆಕ್ಸಿಜನ್ ಕಮ್ಮಿ ಕರಗುತ್ತೆ. 25 ಡಿಗ್ರಿಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಹಿಡ್ಕೊಂಡ್ರೆ ಸಮುದ್ರದ ನೀರು 6.7ರ ಸುತ್ತಮುತ್ತ ಮಾತ್ರ, ಬಿಸಿ ಏರಿದ ಹಾಗೆ ಅದೂ ಇಳಿಯುತ್ತೆ. ಎರಡನೇದು ಪಿಎಚ್. ನಮ್ಮ ಟ್ಯಾಂಕ್ ಓಡೋದು 8.1ರಿಂದ 8.4ರಲ್ಲಿ, ಪಿಎಚ್ 7ರ ನೀರಲ್ಲಿ ಅಮೋನಿಯಾ ಬಹುಪಾಲು ನಿರುಪದ್ರವಿ ರೂಪದಲ್ಲಿ ಇರುತ್ತೆ, 8.2ಕ್ಕೆ ಬಂದ್ರೆ ಅದೇ ಅಮೋನಿಯಾದಲ್ಲಿ ವಿಷದ ಪಾಲು ಹತ್ತು ಪಟ್ಟಿಗಿಂತ ಜಾಸ್ತಿ ಆಗುತ್ತೆ. ಹಾಗಾಗಿ ಸಿಹಿನೀರಲ್ಲಿ ಹೇಗೋ ದಾಟಿಹೋಗ್ತಿದ್ದ ಚಿಕ್ಕ ತಪ್ಪು ಇಲ್ಲಿ ದಾಟಲ್ಲ.

ನಮ್ಮ 140 ಲೀಟರಿಗೆ ಆ ಹಳೆ ಲೆಕ್ಕ ಹಾಕಿದ್ರೆ 18-19 ಸೆಂ.ಮೀ. ಮೀನು ಬಂತು. ಅಂದ್ರೆ ಒಂದು ಜೊತೆ ಕ್ಲೌನ್‌ಫಿಶ್, ಅಷ್ಟೇ. ಆದ್ರೆ ಇದೇ ಲೆಕ್ಕದಲ್ಲಿ ಹೆಚ್ಚುಕಮ್ಮಿ 20 ಸೆಂ.ಮೀ. ಬೆಳೆಯೋ ಒಂದು ಯೆಲ್ಲೋ ಟ್ಯಾಂಗೂ ಸರಿ ಅನ್ನಬೇಕಾಗುತ್ತೆ, ಅಲ್ಲೇ ಈ ಲೆಕ್ಕದ ಬಣ್ಣ ಬಯಲಾಗೋದು. ಮೀನು ಉದ್ದ ಮಾತ್ರ ಬೆಳೆಯಲ್ಲ, ಅಗಲ ಎತ್ತರ ಎಲ್ಲಾ ಕಡೆ ಬೆಳೆಯುತ್ತೆ, ಒಂದೇ ಆಕಾರದ ಮೀನು 5 ಸೆಂ.ಮೀ.ನಿಂದ 10 ಆದ್ರೆ ತೂಕ ಎಂಟು ಪಟ್ಟು, 20 ಆದ್ರೆ 64 ಪಟ್ಟು. ತಿನ್ನೋದು, ಹೇಲೋದು, ಉಸಿರಾಡೋದು ಎಲ್ಲಾ ಹೆಚ್ಚುಕಮ್ಮಿ ತೂಕದ ಹಿಂದೆ ಹೋಗುತ್ತೆ, ಉದ್ದದ ಹಿಂದಲ್ಲ.

ಹಾಗಂತ ನಾನು ಈ ಲೆಕ್ಕನ ಪೂರ್ತಿ ಎಸೆಯಲ್ಲ. ಹತ್ತು ಸೆಂ.ಮೀ. ಒಳಗಿನ ಮೀನಿಗೆ ಮಾತ್ರ, ಅದೂ ಮೊದಲ ಆರು ತಿಂಗಳಿಗೆ ಮಾತ್ರ ಇಟ್ಕೊಳ್ಳಿ. ಆಮೇಲೆ ಟ್ಯಾಂಕೇ ಹೇಳುತ್ತೆ, ಟೆಸ್ಟ್ ಕಿಟ್ ಹೇಳುತ್ತೆ.

ಅಂದಹಾಗೆ ಉದ್ದ ಅಂದ್ರೆ ಬೆಳೆದು ದೊಡ್ಡದಾದ ಮೇಲಿನ ಉದ್ದ. ಅಂಗಡಿ ಗಾಜಿನ ಹಿಂದೆ ನಾಲ್ಕು ಸೆಂ.ಮೀ. ಇರೋ ಮುದ್ದು ನೀಲಿ ಟ್ಯಾಂಗ್ 30 ಸೆಂ.ಮೀ. ತನಕ ಬೆಳೆಯೋ ಮೀನು, ಅದಕ್ಕೆ ಆರಡಿ ಉದ್ದದ ಟ್ಯಾಂಕ್ ಬೇಕು ಈಜೋಕೆ. ವಾಲಿಟನ್ಸ್ ಲಯನ್‌ಫಿಶ್ ಅದಕ್ಕಿಂತ ದೊಡ್ಡದು. "ಈಗ ಚಿಕ್ಕದಿದೆ, ದೊಡ್ಡದಾದ್ಮೇಲೆ ದೊಡ್ಡ ಟ್ಯಾಂಕ್ ತಗೋತೀನಿ" ಅಂತ ಹೇಳೋರನ್ನ ತುಂಬಾ ನೋಡಿದೀನಿ, ಹಾಗೆ ನಿಜವಾಗ್ಲೂ ತಗೊಂಡೋರು ಬೆರಳೆಣಿಕೆ. ಇರೋ ಟ್ಯಾಂಕಿಗೆ ಲೆಕ್ಕ ಹಾಕಿ, ಮುಂದೆ ಬರೋ ಟ್ಯಾಂಕಿಗಲ್ಲ. ಚಿಕ್ಕ ಟ್ಯಾಂಕಿಗೆ ಒಗ್ಗೋ ಮೀನು ಏನು ಕಮ್ಮಿ ಇಲ್ಲ, ಆಸೆಲ್ಲಾರಿಸ್ ಕ್ಲೌನ್‌ಫಿಶ್ ಇದೆ (ಹೆಣ್ಣು 8-9 ಸೆಂ.ಮೀ., ಗಂಡು ಇನ್ನೂ ಚಿಕ್ಕದು), ರಾಯಲ್ ಗ್ರಾಮಾ 8, ಫೈರ್‌ಫಿಶ್ 8ರ ಹತ್ರ, ಬಂಗಾಯ್ ಕಾರ್ಡಿನಲ್ 8, ಟೇಲ್‌ಸ್ಪಾಟ್ ಬ್ಲೆನ್ನಿ ಆರೇಳು, ಇವೆಲ್ಲ ಅಷ್ಟರಲ್ಲೇ ನಿಲ್ತವೆ.

ನೀರಿನ ಲೆಕ್ಕ: ಮೀನಿಗಿಂತ ತಿಂಡಿ ಎಣಿಸಿ

ಟ್ಯಾಂಕ್ ಒಳಗೆ ಕೊಳೆ ಬರೋದು ಮೀನಿನಿಂದ ಅಂತೀವಿ, ಆದ್ರೆ ಮೀನು ಅದನ್ನ ಎಲ್ಲಿಂದ ತಂತು, ನಾವು ಹಾಕಿದ ತಿಂಡಿಯಿಂದ. ಹಾಕಿದ ತಿಂಡಿಲಿರೋ ಪ್ರೋಟೀನು ಅಮೋನಿಯಾ ಆಗುತ್ತೆ, ಕಲ್ಲಲ್ಲಿ ಮರಳಲ್ಲಿ ಇರೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡುತ್ತೆ. ಅಮೋನಿಯಾ ನೈಟ್ರೈಟ್ ಎರಡೂ ಯಾವಾಗ್ಲೂ ಸೊನ್ನೆ ಇರಬೇಕು, ಅದರಲ್ಲಿ ಚೌಕಾಸಿ ಇಲ್ಲ. ಹೊಸ ಟ್ಯಾಂಕ್ ಸೈಕಲ್ ಆಗೋಕೆ, ಅಂದ್ರೆ ಈ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯೋಕೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಅಲ್ಲಿತನಕ ಮೀನಿನ ಮಾತೇ ಬೇಡ. ಗಟ್ಟಿ ಮೀನು ಅಂತ ಡ್ಯಾಮ್ಸೆಲ್ ಬಿಟ್ಟು ಸೈಕಲ್ ಮಾಡೋ ಹಳೆ ಪದ್ಧತಿನೂ ಬೇಡ, ಅದಕ್ಕೆ ಹಿಂಸೆ, ಬದುಕಿತು ಅಂದ್ರೆ ಆಮೇಲೆ ಟ್ಯಾಂಕ್ ಪೂರ್ತಿ ತನ್ನದೇ ಅಂತ ಕೂರುತ್ತೆ, ಹಿಡಿಯೋಕೆ ಕಲ್ಲೆಲ್ಲಾ ಎತ್ತಬೇಕು.

ಸೈಕಲ್ ಮುಗಿದ ಮೇಲೆ ಎಷ್ಟು ಮೀನು ತಡೆಯುತ್ತೆ ಅಂತ ಹೇಳೋದು ನೈಟ್ರೇಟ್. ಇದಕ್ಕೊಂದು ಚಿಕ್ಕ ಲೆಕ್ಕ ಇದೆ, ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೆ ನಿಧಾನವಾಗಿ ಬರೀತೀನಿ. ನೀರು ಬದಲಾಯಿಸಿದ ತಕ್ಷಣ ಒಂದು ಸಲ ನೈಟ್ರೇಟ್ ಟೆಸ್ಟ್ ಮಾಡಿ, ಮುಂದಿನ ವಾರ ಬದಲಾಯಿಸೋಕೆ ಮುಂಚೆ ಇನ್ನೊಂದು ಸಲ. ಎರಡರ ವ್ಯತ್ಯಾಸ ನಿಮ್ಮ ಟ್ಯಾಂಕಿನ ವಾರದ ಏರಿಕೆ. ಅದು 4 ಪಿಪಿಎಂ (ಲೀಟರಿಗೆ ಹೆಚ್ಚುಕಮ್ಮಿ 4 ಮಿಲಿಗ್ರಾಂ) ಅಂತ ಇಟ್ಕೊಳ್ಳಿ, ನೀವು ವಾರಕ್ಕೆ 20 ಪರ್ಸೆಂಟ್ ನೀರು ಬದಲಾಯಿಸ್ತೀರಿ. 4ನ್ನ 0.2ರಿಂದ ಭಾಗಿಸಿ, 20 ಬಂತು. ಅಂದ್ರೆ ಕೆಲವು ತಿಂಗಳಲ್ಲಿ ನಿಮ್ಮ ನೈಟ್ರೇಟ್ ಬದಲಾಯಿಸೋ ಮುಂಚೆ 20, ಬದಲಾಯಿಸಿದ ಮೇಲೆ 16, ಹೀಗೆ ಬಂದು ನಿಲ್ಲುತ್ತೆ, ಅದಕ್ಕಿಂತ ಮೇಲೆ ಹೋಗಲ್ಲ. ಅದೇ ನೀವು ಸೋಮಾರಿತನ ಮಾಡಿ 10 ಪರ್ಸೆಂಟ್ ಮಾತ್ರ ಬದಲಾಯಿಸಿದ್ರೆ 40ಕ್ಕೆ ಹೋಗಿ ನಿಲ್ಲುತ್ತೆ. ಮೀನು ಅಷ್ಟೇ, ತಿಂಡಿ ಅಷ್ಟೇ, ನಿಮ್ಮ ಕೈಕೆಲಸ ಅರ್ಧ ಆಯ್ತು ಅಂತ ಕೊಳೆ ಎರಡು ಪಟ್ಟು.

ಮೀನು ಮಾತ್ರ ಇರೋ ಟ್ಯಾಂಕಿಗೆ 40ರ ಒಳಗೆ ಇದ್ರೆ ನಡೆಯುತ್ತೆ, ನಾನಾದ್ರೆ 20-25 ದಾಟೋಕೆ ಬಿಡಲ್ಲ. ಹವಳ ಇದ್ರೆ 5ರಿಂದ 10ರ ಹತ್ರ ಇರಲಿ. ಈಗ ಹೊಸ ಮೀನು ತರಬೇಕಾ ಬೇಡ್ವಾ ಅನ್ನೋ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಏರಿಕೆ 4 ಇದ್ದಿದ್ದು ಹೊಸ ಮೀನು ಬಂದ್ಮೇಲೆ 5 ಆದ್ರೆ 25ಕ್ಕೆ ನಿಲ್ಲುತ್ತೆ, ಅದು ನಿಮಗೆ ಒಪ್ಪಿಗೆನಾ, ಇಲ್ಲಾ ವಾರಕ್ಕೆ 25 ಪರ್ಸೆಂಟ್ ನೀರು ಹೊರೋಕೆ ರೆಡಿನಾ, ಅದೂ ಮೊದಲ ತಿಂಗಳ ಹುಮ್ಮಸ್ಸಲ್ಲಿ ಅಲ್ಲ, ಎರಡನೇ ವರ್ಷ ಬೇಜಾರು ಬಂದಾಗ ಕೂಡ?

ಪ್ರೋಟೀನ್ ಸ್ಕಿಮ್ಮರ್ ಇದ್ರೆ ಈ ಏರಿಕೆ ಕಮ್ಮಿ ಆಗುತ್ತೆ. ಅದು ಉಪ್ಪುನೀರಲ್ಲಿ ಆಗೋ ಸಣ್ಣ ಗುಳ್ಳೆಗೆ ಕೊಳೆ ಅಂಟಿಸಿ, ಅದು ಅಮೋನಿಯಾ ಆಗೋ ಮುಂಚೆನೇ ನೊರೆ ಮಾಡಿ ಕಪ್ಪಿಗೆ ಹಾಕುತ್ತೆ, ಜೊತೆಗೆ ನೀರಿಗೆ ಗಾಳಿನೂ ಸೇರಿಸುತ್ತೆ. ಮೀನು ಜಾಸ್ತಿ ಬೇಕು ಅನ್ನೋರು ಲೈಟಿಗೆ ಸುರಿಯೋ ದುಡ್ಡಲ್ಲಿ ಸ್ವಲ್ಪ ಸ್ಕಿಮ್ಮರಿಗೆ ತಿರುಗಿಸಿ. ಆದ್ರೆ ಡಬ್ಬದ ಮೇಲೆ "ಇಷ್ಟು ಲೀಟರ್ ತನಕ" ಅಂತ ಬರೆದಿರ್ತಾರಲ್ಲ, ಅದರಲ್ಲಿ ಅರ್ಧ ಅಂತ ತಿಳ್ಕೊಂಡೇ ನಾನು ಆರಿಸೋದು.

ಎಣಿಸುವಾಗ ಎಲ್ಲಾ ಮೀನನ್ನೂ ಒಂದೊಂದೇ ಅಂತ ಎಣಿಸಬೇಡಿ. ಆಂಥಿಯಸ್ ದಿನಕ್ಕೆ ಮೂರು ನಾಲ್ಕು ಸಲ ತಿಂಡಿ ಕೇಳೋ ಮೀನು, ಇಲ್ಲಾಂದ್ರೆ ಸೊರಗುತ್ತೆ, ನಾನು ಅದನ್ನ ಎರಡು ಅಂತ ಎಣಿಸ್ತೀನಿ. ಲಯನ್‌ಫಿಶ್, ಟ್ರಿಗ್ಗರ್, ಪಫರ್ ಇವೆಲ್ಲ ಗಬಗಬ ತಿಂದು ಅಷ್ಟೇ ಗಲೀಜು ಮಾಡೋವು, ಅವುಗಳ ಟ್ಯಾಂಕಿಗೆ ಲೆಕ್ಕನೇ ಬೇರೆ. ಮ್ಯಾಂಡರಿನ್ ಉಲ್ಟಾ, ಅದು ಕೊಳೆ ಮಾಡೋದು ಏನೂ ಇಲ್ಲ, ಆದ್ರೆ ಇಡೀ ದಿನ ಕಲ್ಲಿನ ಮೇಲೆ ಓಡಾಡೋ ಕೋಪಿಪಾಡ್ ಅನ್ನೋ ಪುಟ್ಟಪುಟ್ಟ ಜೀವಿಗಳನ್ನ ಹೆಕ್ಕಿ ತಿನ್ನುತ್ತೆ, ಬೇರೆ ತಿಂಡಿ ಮುಟ್ಟೋದು ಅಪರೂಪ. 140 ಲೀಟರಿನ ಹೊಸ ಟ್ಯಾಂಕಲ್ಲಿ ಅದು ಎರಡು ತಿಂಗಳಲ್ಲಿ ಎಲ್ಲಾ ಮುಗಿಸಿ ಹೊಟ್ಟೆ ಗುಳಿಬಿದ್ದು ಸಾಯುತ್ತೆ, ಟೆಸ್ಟ್ ಕಿಟ್ಟಲ್ಲಿ ಎಲ್ಲಾ ಸೊನ್ನೆ ತೋರಿಸ್ತಾ ಇದ್ರೂನೂ. ಒಂದು ವರ್ಷ ಹಳೇದಾದ, ತುಂಬಾ ಕಲ್ಲಿರೋ, 300 ಲೀಟರ್ ಮೇಲಿನ ಟ್ಯಾಂಕಿಗೆ ಒಂದು, ಅಷ್ಟೇ.

(ಹವಳ ಇಡೋರಿಗೆ ಒಂದು ಮಾತು: ಮೀನು ತೀರಾ ಕಮ್ಮಿ ಆದ್ರೂ ಕಷ್ಟ. ನೈಟ್ರೇಟ್ ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ್ರೆ ಹವಳ ಬಿಳಚಿಕೊಳ್ಳುತ್ತೆ, ಮರಳ ಮೇಲೆ ಕಂದು ಲೋಳೆ ತರ ಡೈನೋ (ಡೈನೋಫ್ಲಾಜೆಲೇಟ್ ಅನ್ನೋ ಸೂಕ್ಷ್ಮಜೀವಿ) ಬರೋ ಚಾನ್ಸ್ ಜಾಸ್ತಿ. ಅಲ್ಲಿ ಮೀನೇ ಗೊಬ್ಬರ.)

ಜಾಗದ ಲೆಕ್ಕ: ರಾತ್ರಿ ಟಾರ್ಚ್ ಹಿಡಿದು ಮಾಡೋದು

ಈಗ ನನ್ನ ಹತ್ತು ಮೀನಿನ ಕಥೆ. ಅದೇ 90 ಸೆಂ.ಮೀ. ಟ್ಯಾಂಕು, ಆರು ಹಸಿರು ಕ್ರೋಮಿಸ್, ಎರಡು ಕ್ಲೌನ್, ಒಂದು ರಾಯಲ್ ಗ್ರಾಮಾ, ಒಂದು ಫೈರ್‌ಫಿಶ್. ಕ್ರೋಮಿಸ್ ಗುಂಪಲ್ಲಿ ಇರೋ ಮೀನು, ಆರು ಒಟ್ಟಿಗೆ ತಗೊಳ್ಳಿ ಅಂದ್ರು, ತಗೊಂಡೆ. ಸ್ಕಿಮ್ಮರ್ ಚೆನ್ನಾಗಿತ್ತು, ವಾರವಾರ ನೀರು ಬದಲಾಯಿಸ್ತಿದ್ದೆ, ಅಮೋನಿಯಾ ಸೊನ್ನೆ, ನೈಟ್ರೇಟ್ 10 ದಾಟಿರಲಿಲ್ಲ. ಮೊದಲ ಎರಡು ತಿಂಗಳು ಆರೂ ಒಂದೇ ಕಡೆ ತಿರುಗಿ ಒಂದೇ ಸಲ ಹೊಳೆಯೋದು ನೋಡೋಕೆ ಎಷ್ಟು ಚೆಂದ. ಆಮೇಲೆ ಎಲ್ಲಕ್ಕಿಂತ ಚಿಕ್ಕದೊಂದು ಗುಂಪು ಬಿಟ್ಟು ಮೇಲಿನ ಮೂಲೆಲಿ ಹೀಟರ್ ಹಿಂದೆ ನಿಲ್ಲೋಕೆ ಶುರು ಮಾಡ್ತು. ಬಾಲದ ತುದಿ ಹರಿದು ನೂಲುನೂಲಾಗಿತ್ತು, ತಿಂಡಿ ಹಾಕಿದ್ರೆ ಒಂದು ಬೆರಳಷ್ಟು ಮುಂದೆ ಬಂದು ದೊಡ್ಡದೊಂದು ತಿರುಗಿ ನೋಡಿದ್ರೆ ಸಾಕು ವಾಪಸ್. ನಾನು ರೋಗ ಅಂದ್ಕೊಂಡೆ. ಹತ್ತು ದಿನಕ್ಕೆ ಅದು ಹೋಯ್ತು. ಆಮೇಲೆ ಆ ಮೂಲೆಗೆ ಇನ್ನೊಂದು ಬಂದು ನಿಂತ್ಕೊಂತು. ಹೀಗೇ ಒಂದಾದ್ಮೇಲೊಂದು, ಹತ್ತು ತಿಂಗಳಲ್ಲಿ ಉಳಿದಿದ್ದು ಒಂದೇ ಕ್ರೋಮಿಸ್, ಎಲ್ಲಕ್ಕಿಂತ ದೊಡ್ಡದು, ದುಂಡುದುಂಡಗೆ. ಫೈರ್‌ಫಿಶ್ ಒಂದಿನ ಬೆಳಗ್ಗೆ ನೆಲದ ಮೇಲೆ ಒಣಗಿ ಬಿದ್ದಿತ್ತು, ಮುಚ್ಚಳದಲ್ಲಿ ಪೈಪಿಗೆ ಅಂತ ಬಿಟ್ಟಿದ್ದ ಸಂದಿಲಿ ಹಾರಿತ್ತು. ಕೊನೆಗೆ ಎಣಿಸಿದ್ರೆ ನಾಲ್ಕು. ನಾಲ್ಕು ಅಂದಿದ್ರಲ್ಲ ಒಬ್ರು, ಅವರ ಲೆಕ್ಕಕ್ಕೇ ಟ್ಯಾಂಕ್ ತಾನಾಗೇ ಬಂದು ನಿಂತಿತ್ತು.

ನೀರಲ್ಲಿ ಏನೂ ತಪ್ಪಿರಲಿಲ್ಲ ನೋಡಿ. ಸಮುದ್ರದಲ್ಲಿ ಸೋತ ಮೀನು ದೂರ ಹೋಗುತ್ತೆ, ಜಗಳ ಅಲ್ಲಿಗೆ ಮುಗಿಯುತ್ತೆ. ತೊಂಬತ್ತು ಸೆಂಟಿಮೀಟರಲ್ಲಿ ದೂರ ಅನ್ನೋದೇ ಇಲ್ಲ.

ಅವತ್ತಿಂದ ನಾನು ಮಾಡೋ ಕೆಲಸ ಇದು. ಲೈಟ್ ಆಫ್ ಆಗಿ ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ, ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿ (ಬಿಳಿ ಬೆಳಕು ಬಿಟ್ರೆ ಎಲ್ಲಾ ಗಾಬರಿ ಆಗ್ತವೆ) ಯಾವ ಮೀನು ಎಲ್ಲಿ ಮಲಗಿದೆ ಅಂತ ನೋಡಿ ಒಂದು ಚೀಟಿಲಿ ಟ್ಯಾಂಕಿನ ಚಿತ್ರ ಬರೆದು ಗುರುತು ಹಾಕಿ. ಮೂರು ದಿನ ಬಿಟ್ಟು ಮತ್ತೆ ನೋಡಿ. ನೆಲೆ ಇರೋ ಮೀನು ಎರಡೂ ಸಲ ಅಲ್ಲೇ ಇರುತ್ತೆ. ಗ್ರಾಮಾ ಪೊಟರೆಯ ಮೇಲ್ಛಾವಣಿಗೆ ಹೊಟ್ಟೆ ಕೊಟ್ಟು ತಲೆಕೆಳಗಾಗಿ ಅಂಟ್ಕೊಂಡಿರುತ್ತೆ, ಕ್ಲೌನ್ ಜೋಡಿ ಒಂದು ಮೂಲೆಲೋ ಅನಿಮೋನಿ ಒಳಗೋ ಪಕ್ಕಪಕ್ಕ ತೂಗಾಡ್ತಿರ್ತವೆ, ಯೆಲ್ಲೋ ಟ್ಯಾಂಗ್ ಇದ್ರೆ ಎರಡು ಕಲ್ಲಿನ ಮಧ್ಯ ತುರುಕಿಕೊಂಡು ಹಳದಿ ಮಂಕಾಗಿ ಮೈಮೇಲೆ ಒಂದು ಕಂದು ಮಚ್ಚೆ, ಅದರಲ್ಲೊಂದು ಬಿಳಿ ಗೆರೆ ಮೂಡಿರುತ್ತೆ (ಮೊದಲ ಸಲ ನೋಡಿದಾಗ ಕಾಯಿಲೆ ಅಂತ ಹೆದರಿದ್ದೆ, ಅದು ಅದರ ರಾತ್ರಿ ಬಣ್ಣ). ಕೆಲವು ರಾಸ್ ಜಾತಿಗಳು ಮರಳಲ್ಲಿ ಹೂತ್ಕೊಳ್ತವೆ, ಅವಕ್ಕೆ ಐದು ಸೆಂ.ಮೀ. ಆದ್ರೂ ಮರಳಿನ ದಪ್ಪ ಬೇಕು, ಬರೀ ಗಾಜಿನ ತಳ ಇರೋ ಟ್ಯಾಂಕಿಗೆ ಅವು ಸೊನ್ನೆ. ನೆಲೆ ಇಲ್ಲದ ಮೀನು ಮಾತ್ರ ಪಂಪಿನ ಹಿಂದೆ, ಹೀಟರ್ ಹತ್ರ, ನೀರಿನ ಮೇಲ್ಭಾಗದಲ್ಲಿ, ಒಂದೊಂದು ರಾತ್ರಿ ಒಂದೊಂದು ಕಡೆ ಇರುತ್ತೆ.

ಈಗ ಖಾಲಿ ಇರೋ ಒಳ್ಳೆ ಪೊಟರೆ ಎಷ್ಟಿವೆ ಅಂತ ಎಣಿಸಿ. ಒಳ್ಳೇದು ಅಂದ್ರೆ ಮೀನಿನ ಉದ್ದಕ್ಕಿಂತ ಆಳ ಇರಬೇಕು, ಹಿಂದೆ ಇನ್ನೊಂದು ದಾರಿ ಇದ್ರೆ ಇನ್ನೂ ಒಳ್ಳೇದು, ಇನ್ನೊಂದು ಮೀನಿನ ಬಾಗಿಲಿಗೆ ನೇರ ಎದುರು ಇರಬಾರದು. ಖಾಲಿ ಪೊಟರೆ ಇಲ್ಲ ಅಂದ್ರೆ ಹೊಸ ಮೀನಿಗೆ ಜಾಗ ಇಲ್ಲ, ನೈಟ್ರೇಟ್ ಎಷ್ಟೇ ಕಮ್ಮಿ ಇರಲಿ. ಕಲ್ಲನ್ನ ಗೋಡೆ ತರ ಒತ್ತಾಗಿ ಪೇರಿಸಿರೋರು ಎರಡು ಮೂರು ಗುಡ್ಡ ಮಾಡಿ ಮಧ್ಯ ಮರಳಿನ ಓಣಿ ಬಿಟ್ರೆ ಅದೇ ಕಲ್ಲಲ್ಲಿ ಎರಡು ನೆಲೆ ಜಾಸ್ತಿ ಸಿಗುತ್ತೆ, ಒಂದು ಕಡೆ ಇರೋದಕ್ಕೆ ಇನ್ನೊಂದು ಕಡೆದು ಕಾಣಲ್ಲ, ಕಾಣದಿದ್ರೆ ಅರ್ಧ ಜಗಳ ಇಲ್ಲ.

ಯಾವುದರ ಜೊತೆ ಯಾವುದು ಅನ್ನೋದೂ ಇದೇ ಲೆಕ್ಕದೊಳಗೇ ಬರುತ್ತೆ. ಒಂದೇ ಜಾತಿ, ಇಲ್ಲಾ ಒಂದೇ ಆಕಾರ ಒಂದೇ ಬಣ್ಣದ ಮೀನು ಪರಸ್ಪರ ಸಹಿಸಲ್ಲ. ಡ್ವಾರ್ಫ್ ಏಂಜಲ್ ಟ್ಯಾಂಕಿಗೊಂದೇ. ಗ್ರಾಮಾ ಒಂದೇ. ಕ್ಲೌನ್ ಜೋಡಿ ಬೇಕು ಅಂದ್ರೆ ಒಂದು ದೊಡ್ಡದು ಒಂದು ಚಿಕ್ಕದು ತನ್ನಿ, ಅವು ಹುಟ್ಟೋವಾಗ ಹೆಣ್ಣಾಗಿರಲ್ಲ, ಬೆಳೀತಾ ಮೇಲುಗೈ ಆದದ್ದು ಹೆಣ್ಣಾಗುತ್ತೆ, ಇನ್ನೊಂದು ಗಂಡಾಗೇ ಉಳಿಯುತ್ತೆ, ಎರಡು ದೊಡ್ಡ ಹೆಣ್ಣು ತಂದು ಬಿಟ್ರೆ ಒಂದು ಸಾಯೋ ತನಕ ಹೊಡೆದಾಟ. ಮೂರನೇ ಕ್ಲೌನಿಗೆ ಆ ಮನೆಲಿ ಜಾಗ ಇರಲ್ಲ. ಇನ್ನು ಬಾಯಿಗೆ ಹಿಡಿಯೋ ಗಾತ್ರದ್ದೆಲ್ಲಾ ತಿಂಡಿನೇ, ಲಯನ್‌ಫಿಶ್ ಮುಂದೆ ಗೋಬಿ ಅನ್ನೋ ಚಿಕ್ಕ ಮೀನು ಬಿಟ್ಟು ಆಮೇಲೆ ಅದನ್ನ ಬೈಯೋದು ತಪ್ಪು.

ಬಿಡೋ ಸಾಲು

ಎಷ್ಟು ಅನ್ನೋದಷ್ಟೇ ಯಾವಾಗ, ಯಾವುದು ಮೊದಲು ಅನ್ನೋದೂ ಮುಖ್ಯ. ಬ್ಯಾಕ್ಟೀರಿಯಾ ಇವತ್ತಿನ ತಿಂಡಿಗೆ ತಕ್ಕಷ್ಟು ಮಾತ್ರ ಇರುತ್ತೆ, ಒಂದೇ ಸಲ ನಾಲ್ಕು ಮೀನು ಬಿಟ್ರೆ ಅದು ಹೆಚ್ಚಾಗೋ ಒಳಗೆ ಅಮೋನಿಯಾ ಏರುತ್ತೆ. ಒಂದು ಮೀನು ಇಲ್ಲಾ ಒಂದು ಜೋಡಿ, ಆಮೇಲೆ ಕನಿಷ್ಠ ಮೂರು ವಾರ ಏನೂ ಬೇಡ. ಆ ಮೂರು ವಾರದಲ್ಲಿ ಮುಂದಿನ ಮೀನು ಬೇರೆ ಸಣ್ಣ ಟ್ಯಾಂಕಲ್ಲಿ ಕ್ವಾರಂಟೈನ್ ಇರಲಿ, ನಾಲ್ಕು ವಾರ ಆದ್ರೆ ಇನ್ನೂ ಒಳ್ಳೇದು, ತುಂಬಿದ ಟ್ಯಾಂಕಿಗೆ ಬಿಳಿ ಚುಕ್ಕೆ ಕಾಯಿಲೆ ಹೊಕ್ರೆ ಪ್ರತಿಯೊಂದು ಮೀನನ್ನೂ ಹಿಡಿದು ಆಚೆ ತೆಗೀಬೇಕು, ಆ ಕಷ್ಟ ಬೇಡ. ಸಾಧು ಮೀನು ಮೊದಲು, ಜೋರಿನದು ಕೊನೆಗೆ: ಫೈರ್‌ಫಿಶ್, ಗೋಬಿ, ಕಾರ್ಡಿನಲ್ ಇವು ಮುಂಚೆ ಹೋಗಿ ನೆಲೆ ಹಿಡ್ಕೊಳ್ಳಲಿ, ಸಿಕ್ಸ್‌ಲೈನ್ ರಾಸ್, ಡಾಟಿಬ್ಯಾಕ್, ಡ್ಯಾಮ್ಸೆಲ್ ತರದವು ಬೇಕೇಬೇಕು ಅಂದ್ರೆ ಎಲ್ಲಾ ಆದ್ಮೇಲೆ. ಉಲ್ಟಾ ಮಾಡಿದ್ರೆ 140 ಲೀಟರಿನ ಟ್ಯಾಂಕ್ ಒಂದೇ ಮೀನಿಗೆ ಸಾಲಲ್ಲ.

ಕೆಟ್ಟ ಗಂಟೆಗೆ ಲೆಕ್ಕ ಹಾಕಿ

ಸಂಜೆ ಲೈಟ್ ಹಾಕಿ ಕುರ್ಚಿ ಹಾಕ್ಕೊಂಡು ನೋಡುವಾಗ ಎಲ್ಲಾ ಟ್ಯಾಂಕೂ ಚೆನ್ನಾಗೇ ಕಾಣುತ್ತೆ. ಬೆಳಗ್ಗೆ ಲೈಟ್ ಬರೋ ಮುಂಚೆ ಎದ್ದು ನೋಡಿ. ರಾತ್ರಿಯಿಡೀ ಪಾಚಿ ಹವಳ ಎಲ್ಲಾ ಆಕ್ಸಿಜನ್ ಮಾಡೋದು ಬಿಟ್ಟು ಬಳಸಿರ್ತವೆ, ಪಿಎಚ್ ಇಳಿದಿರುತ್ತೆ, ದಿನದಲ್ಲಿ ಆಕ್ಸಿಜನ್ ತೀರಾ ಕಮ್ಮಿ ಇರೋ ಹೊತ್ತು ಅದು. ಒಂದು ಮೀನನ್ನ ಆರಿಸಿ ಅದರ ಕಿವಿರು ನಿಮಿಷಕ್ಕೆ ಎಷ್ಟು ಸಲ ಬಡೀತು ಎಣಿಸಿ, ಮಧ್ಯಾಹ್ನ ಅದೇ ಮೀನನ್ನ ಮತ್ತೆ ಎಣಿಸಿ. ನಿದ್ದೆಯಿಂದ ಎದ್ದ ಮೀನು ಮಧ್ಯಾಹ್ನ ಓಡಾಡೋ ಮೀನಿಗಿಂತ ನಿಧಾನ ಉಸಿರಾಡಬೇಕು, ಜೋರಾಗಿದ್ರೆ ನೀವು ಆಗ್ಲೇ ಜಾಸ್ತಿ ತುಂಬಿದೀರಿ ಇಲ್ಲಾ ನೀರಿನ ಮೇಲ್ಮೈ ಸಾಕಷ್ಟು ಅಲ್ಲಾಡ್ತಿಲ್ಲ. ವೇವ್‌ಮೇಕರ್ (ನೀರು ಅಲ್ಲಾಡಿಸೋ ಪಂಪ್) ಸ್ವಲ್ಪ ಮೇಲಕ್ಕೆ ತಿರುಗಿಸಿ ಎರಡು ದಿನ ಬಿಟ್ಟು ನೋಡಿ, ಆಗ್ಲೂ ಅಷ್ಟೇ ಅಂದ್ರೆ ಮೀನೇ ಜಾಸ್ತಿ.

ಕರೆಂಟ್ ಹೋದಾಗಲೂ ಇದೇ ವಿಷಯ. ಮೀನು ಕಮ್ಮಿ ಇರೋ ಟ್ಯಾಂಕಲ್ಲಿ ನಿಮಗೆ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ, ತುಂಬಿಸಿರೋ ಟ್ಯಾಂಕಲ್ಲಿ ಕೆಲವೇ ಗಂಟೆಲಿ ಎಲ್ಲಾ ಮೇಲೆ ಬಂದು ಬಾಯಿ ಬಿಡ್ತಾ ನಿಲ್ತವೆ. ಬ್ಯಾಟರಿ ಏರ್ ಪಂಪ್ ಒಂದು ಇಟ್ಕೊಳ್ಳಿ, ಅದು ಎಲ್ಲರಿಗೂ. ಮತ್ತೆ ವಾರ ಊರಿಗೆ ಹೋದಾಗ ಮೀನಿಗೆ ತಿಂಡಿ ಹಾಕೋ ಪಕ್ಕದ ಮನೆಯೋರು ಪ್ರೀತಿಯಿಂದ ಮೂರು ಪಟ್ಟು ಹಾಕ್ತಾರೆ, ಅದನ್ನೂ ತಡೆಯೋ ಅಷ್ಟು ಸಡಿಲ ಲೆಕ್ಕದಲ್ಲಿ ಇರಬೇಕು. ನಾನು ನೀರಿನ ಲೆಕ್ಕದಲ್ಲಿ ಬಂದ ನಂಬರಲ್ಲಿ ಒಂದು ಮೀನು ಕಳೆದೇ ನಿಲ್ಲಿಸೋದು.

ಈಗ ನನ್ನ ಟ್ಯಾಂಕ್

ಒಂಟಿ ಕ್ರೋಮಿಸನ್ನ ದೊಡ್ಡ ಟ್ಯಾಂಕ್ ಇರೋ ಸ್ನೇಹಿತರೊಬ್ಬರಿಗೆ ಕೊಟ್ಟು ಕಲ್ಲೆಲ್ಲಾ ತೆಗೆದು ಎರಡು ಗುಡ್ಡ ಮಾಡಿ ಮತ್ತೆ ಜೋಡಿಸಿದೆ. ಉಳಿದಿದ್ದ ಕ್ಲೌನ್ ಜೋಡಿ ಎಡಗಡೆ ಮೇಲಿನ ಮೂಲೆ, ಗ್ರಾಮಾ ಬಲಗಡೆ ಗುಡ್ಡದ ಪೊಟರೆ. ಎರಡು ತಿಂಗಳು ಬಿಟ್ಟು ಒಂದು ಯೆಲ್ಲೋ ವಾಚ್‌ಮನ್ ಗೋಬಿ ಮತ್ತೆ ಪಿಸ್ತೂಲ್ ಸೀಗಡಿ ತಂದೆ, ಸೀಗಡಿ ಮರಳು ತೋಡಿ ಬಿಲ ಮಾಡುತ್ತೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತೆ, ಅವು ನೆಲೆನ ತಾವೇ ಕಟ್ಕೊಂಡ್ವು, ನನ್ನ ಪೊಟರೆ ಲೆಕ್ಕದಲ್ಲಿ ಒಂದೂ ಖರ್ಚಾಗಲಿಲ್ಲ. ಅದಾದ್ಮೇಲೆ ಟೇಲ್‌ಸ್ಪಾಟ್ ಬ್ಲೆನ್ನಿ. ಐದು ಮೀನು. ಬೆಳೆದ ಉದ್ದ ಕೂಡಿಸಿದ್ರೆ 40 ಸೆಂ.ಮೀ. ಹತ್ರ ಬರುತ್ತೆ, ಇಂಚಿನ ಲೆಕ್ಕದ ಎರಡು ಪಟ್ಟು, ಆದ್ರೆ ನೈಟ್ರೇಟ್ ವಾರಕ್ಕೆ 3 ಏರುತ್ತೆ, 20 ಪರ್ಸೆಂಟ್ ಬದಲಾಯಿಸ್ತೀನಿ, 15ರಲ್ಲಿ ನಿಂತಿದೆ.

ಆರನೇದಕ್ಕೆ ಒಂದು ಫೈರ್‌ಫಿಶ್ ಬೇಕು ಅಂತ ಆಸೆ ಇತ್ತು, ಮುಚ್ಚಳಕ್ಕೆ ಬಲೆ ಕೂಡ ಹಾಕಿ ಆಯ್ತು, ಎಡಗುಡ್ಡದ ಬುಡದಲ್ಲಿ ಒಂದು ಒಳ್ಳೆ ಪೊಟರೆ ಅದಕ್ಕೇ ಅಂತ ಖಾಲಿ ಇಟ್ಟಿದ್ದೆ. ಹೋದ ವಾರ ಕೆಂಪು ಟಾರ್ಚ್ ಹಿಡಿದು ನೋಡಿದ್ರೆ ಕ್ಲೀನರ್ ಸೀಗಡಿ ಒಳಗೆ ಕೂತು ಬಿಳಿ ಮೀಸೆ ಹೊರಗೆ ಬಿಟ್ಕೊಂಡಿದೆ. ಮೂರು ದಿನ ಬಿಟ್ಟು ಮತ್ತೆ ನೋಡ್ದೆ. ಅಲ್ಲೇ ಇತ್ತು.